ಕೆಂಪು ಬಂದರೆ ಒತ್ತಬೇಕು

"ಇದೇನು ಮಹಾ! ರಸ್ತೆ ತಾನೇ? ರಸ್ತೆ ಅಂದ್ಮೇಲೆ ಅದು ನನ್ನದೇ!"

ಬ್ರೇಕ್ ಮೇಷ್ಟ್ರು ಸೋಫಾದ ಮೇಲೆ ಕುಳಿತಲ್ಲಿಂದಲೇ ಈ ಮಹಾಘೋಷಣೆ ಹೊರಡಿಸಿದರು. ಡ್ರೈವಿಂಗ್ ಸ್ಕೂಲ್ ನಡೆಸುವ ಅವರಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಾಲಡಿಗೂ ಒಂದು ಬ್ರೇಕ್ ಇರುತ್ತದೆ. ಇವರ ಪಾದ ಅದರ ಮೇಲಿಂದ ಎದ್ದದ್ದನ್ನು ಕಂಡವರಿಲ್ಲ. ಊಟದ ಮೇಜಿನ ಕೆಳಗೂ ಅದು ಆಗಾಗ ನೆಲವನ್ನು ಒತ್ತಿ ನೋಡುತ್ತಿತ್ತು.

ಎದುರಿನ ಟಿವಿಯಲ್ಲಿ ನಿಜಕ್ಕೂ ಒಂದು ರಸ್ತೆ ಇತ್ತು. ಅದು ಮಗಳ ವಿಡಿಯೊ ಗೇಮ್. ರಾಕ್ ಹಾಡು ಮೊಳಗುತ್ತದೆ. ರಸ್ತೆಯ ಮೇಲೆ ಹಸಿರು, ಕೆಂಪು, ಹಳದಿ, ನೀಲಿ, ಕಿತ್ತಳೆ ಬಣ್ಣದ ಬಿಲ್ಲೆಗಳು ಉರುಳಿ ಬರುತ್ತವೆ. ಬಿಲ್ಲೆ ಗೆರೆ ಮುಟ್ಟಿದ ಕ್ಷಣಕ್ಕೆ ಸರಿಯಾಗಿ ಪ್ಲಾಸ್ಟಿಕ್ ಗಿಟಾರಿನ ಅದೇ ಬಣ್ಣದ ಗುಂಡಿಯನ್ನು ಒಂದು ಕೈ ಒತ್ತಬೇಕು, ಇನ್ನೊಂದು ಕೈ ಮೀಟಬೇಕು. ತಪ್ಪುಗಳು ಹೆಚ್ಚಾದರೆ ಪರದೆಯೊಳಗಿನ ಪ್ರೇಕ್ಷಕರು 'ಬೂ' ಎಂದು ಅರಚುತ್ತಾರೆ, ಹಾಡು ಅರ್ಧಕ್ಕೇ ನಿಲ್ಲುತ್ತದೆ.

"ಹಾಗಾದ್ರೆ ಪಂದ್ಯ ಕಟ್ಟು ಅಪ್ಪ," ಎಂದಳು ಮಗಳು. "ಭಾನುವಾರ ಸಂಜೆ. ಯಾವ ಹಾಡಾದ್ರೂ ಸರಿ, ನೀನೇ ಆರಿಸ್ಕೊ. ಕೊನೇವರೆಗೂ ನುಡಿಸಿದ್ರೆ ಸಾಕು, ಗೆದ್ದ ಹಾಗೆ."

"ಗೆದ್ರೆ ಏನು ಕೊಡ್ತೀಯಾ?"

"ನೀನೇ ಹೇಳು."

ಮೇಷ್ಟ್ರು ಯೋಚಿಸಲೇ ಇಲ್ಲ. "ನನ್ನ ಕಾರಿಗೆ ವಾಪಸ್ ಬರ್ಬೇಕು. ನನ್ನ ಹತ್ರಾನೇ ಡ್ರೈವಿಂಗ್ ಕಲೀಬೇಕು."

ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ ಹೆಂಡತಿ ನಲ್ಲಿ ನಿಲ್ಲಿಸಿದರು. ಮಗಳು ಗಿಟಾರಿನ ಗುಂಡಿಗಳನ್ನು ಒಮ್ಮೆ ಸವರಿ, "ಆಯ್ತು," ಎಂದಳು.

ಅರ್ಧ ಊರಿಗೆ ಕಾರು ಕಲಿಸಿದ ಮೇಷ್ಟ್ರ ಮಗಳು ಅವರ ಕಾರಿನಲ್ಲಿ ಕಲಿತದ್ದು ಒಂದೇ ಒಂದು ದಿನ. ಆ ದಿನ ಪಾಠದ ನಡುವೆಯೇ ಬಾಗಿಲು ತೆರೆದು ಇಳಿದವಳು ನಡೆದುಕೊಂಡೇ ಮನೆಗೆ ಬಂದಿದ್ದಳು. ಈಗ ಪಕ್ಕದ ರಸ್ತೆಯ ಸ್ಕೂಲಿಗೆ ಹೋಗುತ್ತಿದ್ದಳು. ಅದನ್ನು ನಡೆಸುವವನಿಗೆ ಕ್ಲಚ್ ಯಾವುದು, ಬ್ರೇಕ್ ಯಾವುದು ಎಂದು ತೋರಿಸಿಕೊಟ್ಟವರು ಇದೇ ಮೇಷ್ಟ್ರು! ಬೆಳಿಗ್ಗೆ ಆ ಕಾರು ಮನೆಯ ಮುಂದೆ ಹಾರ್ನ್ ಹೊಡೆದಾಗ ಮೇಷ್ಟ್ರು ಪೇಪರ್ ಅಗಲಿಸಿ ಮುಖ ಮುಚ್ಚಿಕೊಳ್ಳುತ್ತಿದ್ದರು. ಬೈಯಲು ಕಾರಣ ಸಿಕ್ಕಿದ್ದರೆ ಎಷ್ಟೋ ವಾಸಿ ಇತ್ತು, ಆದರೆ ಆ ಹುಡುಗ ಚೆನ್ನಾಗಿಯೇ ಕಲಿಸುತ್ತಿದ್ದ.

ಮರುದಿನ ಮಧ್ಯಾಹ್ನವೇ ಅಭ್ಯಾಸ ಶುರುವಾಯಿತು. ಮೊದಲು ಹಾಡುಗಳ ಸಮೀಕ್ಷೆ. ಪರದೆಯಲ್ಲಿ ಹಾಡುಗಳ ಹೆಸರುಗಳು ಒಂದರ ಕೆಳಗೊಂದು ಜೋತು ಬಿದ್ದಿದ್ದವು. ಯಾವುದರ ಮೇಲೆ ನಿಂತರೂ ಅದರ ಒಂದು ತುಣುಕು ಕೇಳಿಸುತ್ತಿತ್ತು. ಆ ಹೆಸರುಗಳೆಲ್ಲ ಬಾಯಿಗೆ ಬಾರದ್ದರಿಂದ ಮೇಷ್ಟ್ರೇ ಹೊಸದಾಗಿ ನಾಮಕರಣ ಮಾಡಿದರು: ಪಾತ್ರೆ ಉರುಳಿದ ಹಾಡು, ಹಲ್ಲುನೋವಿನ ಹಾಡು, ಕ್ಲಚ್ ಒತ್ತದೆ ಗೇರ್ ಹಾಕಿದ ಹಾಡು! ಎಲ್ಲಕ್ಕಿಂತ ಕೊನೆಯಲ್ಲಿದ್ದದ್ದರ ತುಣುಕು ಮಾತ್ರ ಮೃದುವಾಗಿ, ಕಣ್ಣಿಗೆ ಜೊಂಪು ಹತ್ತುವಂತೆ ಇತ್ತು. ಅದಕ್ಕೆ ನಿದ್ದೆ ಹಾಡು ಎಂದು ಹೆಸರಿಟ್ಟರು.

ಕ್ರಮ ನೋಡಿದ ಕೂಡಲೇ ಅವರಿಗೆ ಎಲ್ಲವೂ ಅರ್ಥವಾಗಿ ಹೋಯಿತು. ವರ್ಷಗಟ್ಟಲೆ ಸ್ಟೀರಿಂಗ್ ಹಿಡಿದವರಿಗೆ ಇಷ್ಟು ತಿಳಿಯದೇ? ಮೇಲೆ ಹೋಗುವುದು ಏರು, ಏರು ಎಂದರೆ ಕಷ್ಟ. ಕೆಳಗೆ ಬರುವುದು ಇಳಿಜಾರು, ಇಳಿಜಾರು ಎಂದರೆ ಸುಲಭ. ಅಂದಮೇಲೆ ತುತ್ತತುದಿಯಲ್ಲಿ ಕುಳಿತ ಪಾತ್ರೆ ಉರುಳಿದ ಹಾಡೇ ಎಲ್ಲಕ್ಕಿಂತ ಕಠಿಣ! ಅದನ್ನೇ ಅರೆದು ಕುಡಿದರೆ ಉಳಿದದ್ದೆಲ್ಲ ಕಾಲ ಕಸ!

ತೊಂದರೆ ಕೊಟ್ಟದ್ದು ಕೆಂಪು. ಹಸಿರು ಬಂದರೆ ಬೆರಳು ಚುರುಕಾಗಿ ಹೋಗುತ್ತಿತ್ತು. ಹಳದಿ ಬಂದರೆ ತುಸು ಹಿಂಜರಿಯುತ್ತಿತ್ತು. ಕೆಂಪು ಬಿಲ್ಲೆ ಕಂಡದ್ದೇ ತಡ, ಎರಡೂ ಕೈ ಗಿಟಾರಿನಿಂದ ಮೇಲೆದ್ದು, ಪಾದ ನೆಲವನ್ನು ಗಟ್ಟಿಯಾಗಿ ಒತ್ತಿಬಿಡುತ್ತಿತ್ತು! ಪ್ರೇಕ್ಷಕರು ಬೂ ಎನ್ನುತ್ತಿದ್ದರು.

"ಕೆಂಪು ಬಂದ್ರೆ ಒತ್ತಬೇಕು! ಕೆಂಪು ಬಂದ್ರೆ ಒತ್ತಬೇಕು!" ಎಂದು ಜಪಿಸುತ್ತಾ ಮತ್ತೆ ಮೊದಲಿನಿಂದ ಆರಂಭ.

ಹೆಂಡತಿ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದವರು. ಸಂಜೆ ಬಂದು ಚಪ್ಪಲಿ ಬಿಡುವಾಗಲೇ ಪಾತ್ರೆಗಳು ಉರುಳುತ್ತಿದ್ದವು.

"ರೀ, ದಿನವೆಲ್ಲ ಶ್ ಅಂದು ಅಂದು ನನ್ನ ತುಟಿ ಸೊಟ್ಟಗಾಗಿದೆ. ಮನೇಲೂ ಅದೇ ಡ್ಯೂಟಿನಾ?"

"ಮಗಳಿಗೋಸ್ಕರ ಕಣೇ!"

"ಮಗಳು ಬೇಕಾದ್ರೆ ಮಗಳ ಹತ್ರ ಮಾತಾಡ್ಬೇಕು. ಟಿವಿ ಹತ್ರ ಅಲ್ಲ."

ಮೇಷ್ಟ್ರು ಶಬ್ದ ಸ್ವಲ್ಪ ತಗ್ಗಿಸಿ ಆಟ ಮುಂದುವರಿಸಿದರು.

ಶುಕ್ರವಾರದ ಹೊತ್ತಿಗೆ ಸಾಧನೆ ಫಲಿಸಿತು. ಪಾತ್ರೆ ಉರುಳಿದ ಹಾಡು ಕೊನೆ ಮುಟ್ಟಿತು, ಪ್ರೇಕ್ಷಕರು ಚಪ್ಪಾಳೆ ತಟ್ಟಿದರು, ಮೇಷ್ಟ್ರು ಎದ್ದು ನಿಂತು ಟಿವಿಗೆ ನಮಸ್ಕರಿಸಿದರು. ಕೆಂಪಿಗೆ ಒತ್ತುವುದು ಬೆರಳಿಗಷ್ಟೇ ಅಲ್ಲ, ರಕ್ತಕ್ಕೇ ಇಳಿದಿತ್ತು. ಎಷ್ಟು ಇಳಿದಿತ್ತು ಎಂಬುದು ಶನಿವಾರ ಬೆಳಿಗ್ಗೆ ಊರಿಗೇ ಗೊತ್ತಾಯಿತು.

ಅಂದು ಸ್ಟೀರಿಂಗ್ ಹಿಂದೆ ಇದ್ದವರು ಹಲ್ಲಿನ ಡಾಕ್ಟರಮ್ಮ. ತುಂಬಾ ವಿಧೇಯ ಶಿಷ್ಯೆ. ದೊಡ್ಡ ಚೌಕದ ಸಿಗ್ನಲ್ ಕೆಂಪಾಯಿತು. ಅವರು ಪಾಪ, ವೇಗ ತಗ್ಗಿಸತೊಡಗಿದ್ದರು. ಅಷ್ಟರಲ್ಲಿ ಮನಸ್ಸಿನೊಳಗೇ ಪಾತ್ರೆ ಉರುಳಿಸಿಕೊಂಡು ಕುಳಿತಿದ್ದ ಮೇಷ್ಟ್ರು ಸಿಡಿಲಿನಂತೆ ಗರ್ಜಿಸಿದರು: "ಕೆಂಪು! ಒತ್ತಿ! ಒತ್ತಿ!"

ಡಾಕ್ಟರಮ್ಮ ಬೆದರಿ ಕಾಲಿಗೆ ಸಿಕ್ಕಿದ್ದನ್ನು ಒತ್ತಿದರು. ಸಿಕ್ಕಿದ್ದು ಆಕ್ಸಿಲರೇಟರ್! ಎಂದೂ ಎದ್ದಿರದ ಮೇಷ್ಟ್ರ ಪಾದ ಆ ಹೊತ್ತಿನಲ್ಲಿ ತಾಳ ಹಾಕುತ್ತಿತ್ತು. ಅದು ಎಚ್ಚೆತ್ತು ಬ್ರೇಕಿಗೆ ಮರಳುವಷ್ಟರಲ್ಲಿ ಕಾರು ಚೌಕದ ನಟ್ಟನಡುವೆ, ಟ್ರಾಫಿಕ್ ಪೊಲೀಸನ ಮೊಣಕಾಲಿನ ಮುಂದೆ ನಿಂತಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

"ಏನಮ್ಮ, ಕೆಂಪು ಕಾಣ್ಲಿಲ್ವಾ?"

"ಕಾಣ್ತು ಸಾರ್. ಒತ್ತಿ ಅಂತ ಮೇಷ್ಟ್ರೇ ಹೇಳಿದ್ರು."

ಪೊಲೀಸ್ ಬಗ್ಗಿ ಒಳಗೆ ಇಣುಕಿದ. ಅವನ ಮುಖ ಬಾಡಿತು. "ಅಯ್ಯೋ, ನೀವಾ! ನಂಗೂ ನೀವೇ ಅಲ್ವಾ ಮೇಷ್ಟ್ರೇ ಕಲ್ಸಿದ್ದು?"

ಮೇಷ್ಟ್ರು ವಿವರಣೆಗೆ ಬಾಯಿ ತೆರೆದರು. ಡಾಕ್ಟರಮ್ಮ ಕೈ ಅಡ್ಡ ಹಿಡಿದರು. "ದಿನಾ ಎಲ್ಲರಿಗೂ ಬಾಯಿ ತೆರೀರಿ ಅಂತೀನಿ. ನೀವು ಮಾತ್ರ ದಯವಿಟ್ಟು ಮುಚ್ಚಿ."

ಭಾನುವಾರ ಬಂತು. ಹೆಂಡತಿ ಕುರ್ಚಿ ಎಳೆದುಕೊಂಡು ಕುಳಿತರು. ಮೇಷ್ಟ್ರು ಗಿಟಾರಿನ ಪಟ್ಟಿಯನ್ನು ಸೀಟ್ ಬೆಲ್ಟಿನಂತೆ ಎರಡು ಸಲ ಜಗ್ಗಿ ನೋಡಿ ಹೆಗಲಿಗೇರಿಸಿದರು. ಪರದೆಯಲ್ಲಿ ಹಾಡುಗಳ ಸಾಲು ತೆರೆಯಿತು.

"ಆ ಮೊದಲ್ನೇದೇ ಹಾಕ್ರೀ, ಬರುತ್ತಲ್ಲ," ಎಂದರು ಹೆಂಡತಿ.

ಮೇಷ್ಟ್ರು ಮುಗುಳ್ನಕ್ಕರು. ನಿನ್ನೆಯ ಪ್ರಕರಣದ ನಂತರ ಎದೆ ಸ್ವಲ್ಪ ಅಳುಕಿತ್ತು. ಇಂದು ಸೋಲುವಂತಿರಲಿಲ್ಲ. ಸೋತರೆ ಆ ಇನ್ನೊಂದು ಕಾರು ಬೆಳಿಗ್ಗೆ ಬೆಳಿಗ್ಗೆ ಹಾರ್ನ್ ಹೊಡೆಯುತ್ತಲೇ ಇರುತ್ತದೆ. ಆದ್ದರಿಂದ ಎಲ್ಲಕ್ಕಿಂತ ಸುಲಭದ್ದೇ ಬೇಕು. ಏರು ಹತ್ತಿ ಆಗಿದೆ, ಇನ್ನು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಬಿಟ್ಟರಾಯಿತು! ಅವರು ಕೆಳಗೆ, ಇನ್ನೂ ಕೆಳಗೆ ಇಳಿದು, ಎಲ್ಲಕ್ಕಿಂತ ಕೊನೆಯ ನಿದ್ದೆ ಹಾಡಿನ ಮೇಲೆ ನಿಂತರು.

ಮಗಳ ಹುಬ್ಬು ಮೇಲೇರಿತು. "ಅಪ್ಪ, ಅದಾ? ಖಂಡಿತವಾಗ್ಲೂ ಅದೇನಾ?"

"ಅದೇ!"

ನಿದ್ದೆ ಹಾಡು ಮೃದುವಾಗಿ ಶುರುವಾಯಿತು. ಒಂದು ಹಸಿರು, ಒಂದು ನೀಲಿ, ಒಂದು ಕೆಂಪು. ಮೇಷ್ಟ್ರು ತಲೆದೂಗುತ್ತಾ ಒತ್ತಿದರು. ಆಮೇಲೆ ಡ್ರಮ್ ಸ್ಫೋಟಿಸಿತು! ಆಫೀಸು ಬಿಟ್ಟ ಹೊತ್ತಿನ ವಾಹನಗಳಂತೆ ಬಿಲ್ಲೆಗಳು ಐದೂ ಸಾಲಿನಲ್ಲಿ ನುಗ್ಗಿ ಬಂದವು. ಯಾವುದಕ್ಕೆ ಒತ್ತುವುದು, ಯಾವುದನ್ನು ಬಿಡುವುದು? ಬೆರಳುಗಳು ಒಂದರ ಮೇಲೊಂದು ಹತ್ತಿದವು. ಪಾದ ನೆಲದಲ್ಲಿ ಇಲ್ಲದ ಬ್ರೇಕನ್ನು ತುಳಿಯಿತು. ಬೂ! ಬೂ! ಹಾಡು ನಿಂತಿತು.

ಮೇಷ್ಟ್ರ ಕೈ ನಡುಗುತ್ತಿತ್ತು. ಮಗಳು ಈಗ ನಗುತ್ತಾಳೆ ಎಂದು ಕಾದರು. ಅವಳು ನಗಲಿಲ್ಲ.

"ಅಪ್ಪ, ಇದರಲ್ಲಿ ಸುಲಭದ್ದು ಮೇಲಿರುತ್ತೆ. ಒಂದೊಂದೇ ಕಲೀತಾ ಕೆಳಗೆ ಬರ್ಬೇಕು. ನೀನು ಎಲ್ಲಕ್ಕಿಂತ ಕಷ್ಟದ್ದಕ್ಕೆ ಕೈ ಹಾಕಿದೆ."

"ಮತ್ತೆ ನಾನು ವಾರವೆಲ್ಲ ಅರೆದದ್ದು?"

"ಅದಾ? ಅದು ಚಿಕ್ಕ ಮಕ್ಕಳು ಮೊದಲ ದಿನ ನುಡಿಸೋದು."

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದರು. ಮಗಳು ಗಿಟಾರನ್ನು ತಂದೆಯ ಹೆಗಲಿನಿಂದ ಬಿಡಿಸುತ್ತಾ ಕೇಳಿದಳು:

"ನನ್ನ ಮೊದಲ್ನೇ ದಿನ ಎಲ್ಲಿಗೆ ಕರ್ಕೊಂಡು ಹೋಗಿದ್ದೆ, ನೆನಪಿದ್ಯಾ?"

"ಸೇತುವೆ ಏರಿಗೆ."

"ಸಂಜೆ, ಎಲ್ಲಾ ಆಫೀಸು ಬಿಟ್ಟಾಗ. ಡಾಕ್ಟರಮ್ಮನ್ನ?"

"ಖಾಲಿ ಮೈದಾನಕ್ಕೆ," ಎಂದರು ಮೇಷ್ಟ್ರು, ಸಣ್ಣ ಧ್ವನಿಯಲ್ಲಿ. "ನೀನು ನನ್ನ ಮಗಳಲ್ವೇನಮ್ಮ. ಕಷ್ಟದ್ದು ಮೊದಲು ಮುಗಿದ್ರೆ ಆಮೇಲೆ ಎಲ್ಲಾ ಸಲೀಸು ಅಂದ್ಕೊಂಡೆ."

"ನಾನು ಏರಲ್ಲಿ ಕಾರು ನಿಲ್ಲಿಸ್ಬಿಟ್ಟೆ. ಹಿಂದೆ ಇದ್ದವರೆಲ್ಲ ಹಾರ್ನ್ ಹೊಡೆದ್ರು. ಈಗ ನಿಂಗೆ ಬೂ ಅಂದ್ರಲ್ಲ, ಹಾಗೇ ಇತ್ತು. ನೀನೂ ಅವರ ಜೊತೆ ಸೇರ್ಕೊಂಡು ಕೂಗ್ತಿದ್ದೆ ಅಪ್ಪ."

ಮೇಷ್ಟ್ರು ತಮ್ಮ ನಡುಗುವ ಬೆರಳುಗಳನ್ನು ನೋಡಿದರು. ಈ ನಡುಕ ಪಕ್ಕದ ಸೀಟಿನಲ್ಲಿ ಎಷ್ಟು ಜನರ ಕೈಯಲ್ಲಿ ಕಂಡಿದ್ದರೋ! ಅದು ಒಳಗಿನಿಂದ ಹೀಗಿರುತ್ತದೆ ಎಂದು ಗೊತ್ತಿರಲಿಲ್ಲ. ನಾಚಿಕೆಯಾಯಿತು. ಮಗಳ ತಲೆಯ ಮೇಲೆ ಕೈ ಇಟ್ಟು, "ತಪ್ಪಾಯ್ತು ಕಣಮ್ಮ," ಎಂದರು. "ಪಂದ್ಯ ಸೋತಿದೀನಿ. ನೀನು ಅಲ್ಲೇ ಕಲಿ. ಅವನು ಚೆನ್ನಾಗಿ ಕಲಿಸ್ತಾನೆ."

ಮಗಳು ಟಿವಿ ಆರಿಸಿ ಗಿಟಾರನ್ನು ಮೂಲೆಗೆ ಒರಗಿಸಿದಳು.

ಮರುದಿನ ಬೆಳಿಗ್ಗೆ ಯಾವ ಹಾರ್ನೂ ಕೇಳಿಸಲಿಲ್ಲ. ಮೇಷ್ಟ್ರು ಪೇಪರ್ ಇಳಿಸಿ ಹೊರಗೆ ಬಂದರೆ, ಮಗಳು ಅವರದೇ ಕಾರಿನ ಸ್ಟೀರಿಂಗ್ ಹಿಂದೆ ಕುಳಿತು ಕನ್ನಡಿ ಸರಿಮಾಡಿಕೊಳ್ಳುತ್ತಿದ್ದಳು!

"ಪಂದ್ಯಕ್ಕಲ್ಲ," ಎಂದಳು. "ನಂಗೇ ಬರ್ಬೇಕು ಅನ್ನಿಸ್ತು. ಹತ್ತು."

ಮೇಷ್ಟ್ರು ಅವಸರದಲ್ಲಿ ಚಪ್ಪಲಿ ಮೆಟ್ಟಿದರು. ಹತ್ತಿ ಕುಳಿತು ಕೇಳಿದರು: "ಎಲ್ಲಿಗೆ ಹೋಗೋಣ?"

"ಮೊದಲ್ನೇ ಹಾಡಿಗೆ. ಖಾಲಿ ಮೈದಾನ."

ಕಾರು ಹೊರಟಿತು. ಮೇಷ್ಟ್ರು ತುಟಿ ಬಿಗಿದು ಕುಳಿತರು, ಒಂದು ಸಲವೂ ಕೂಗಲಿಲ್ಲ. ದೊಡ್ಡ ಚೌಕದಲ್ಲಿ ಸಿಗ್ನಲ್ ಕೆಂಪಾಯಿತು. ಮಗಳು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಗೆರೆಯ ಹಿಂದೆ ನಿಲ್ಲಿಸಿದಳು. ಅದೇ ಪೊಲೀಸ್ ದೂರದಿಂದ ಇವರ ಕಾರನ್ನು ಗುರುತಿಸಿ ಫುಟ್‌ಪಾತ್ ಹತ್ತಿ ನಿಂತ. ಮೇಷ್ಟ್ರ ಎದೆ ಹೆಮ್ಮೆಯಿಂದ ಉಬ್ಬಿತು. ಕೊನೆಗೂ ಪಾದ ಬ್ರೇಕಿನಿಂದ ಮೇಲೆದ್ದು ನಿರಾಳವಾಗಿ ಕುಳಿತಿತ್ತು.

"ಅಪ್ಪ," ಎಂದಳು ಮಗಳು, ಸಿಗ್ನಲಿನಿಂದ ಕಣ್ಣು ತೆಗೆಯದೆ. "ಇದು ನಿಜವಾದ ಕೆಂಪು. ನನ್ನ ಮೊಣಕಾಲನ್ನ ಬೆರಳಲ್ಲಿ ಒತ್ತೋದು ನಿಲ್ಲಿಸು."