ಎಡಗೆನ್ನೆಯ ದಿಗ್ವಿಜಯ

"ಈ ಸಲದ ಭಾಷಣ ಕೊನೆಯ ಅಕ್ಷರದವರೆಗೂ ಓದಿಯೇ ಸೈ! ಆಕಾಶ ಕಳಚಿ ಬಿದ್ದರೂ ಮೈಕ್ ಬಿಡುವವಳಲ್ಲ ಈ ಸರ್ವಮಂಗಳಾ!"

ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ, ಅಡುಗೆಮನೆಯಲ್ಲಿ ಸೌಟು ಎತ್ತಿ ನಾನು ಮಾಡಿದ ಪ್ರತಿಜ್ಞೆ ಇದು. ಕಾರಣವಿತ್ತು. ಕೊಪ್ಪದ ನಮ್ಮ ಬೀದಿಯ ಮಹಿಳಾ ಮಂಡಳಿಯಲ್ಲಿ ನಾನು ಮಾತಿಗೆ ನಿಂತಾಗಲೆಲ್ಲ ಅಧ್ಯಕ್ಷೆ ಸುಮಿತ್ರಮ್ಮ ಅರ್ಧಕ್ಕೇ "ಕಾಫಿ ಆರ್ತದೆ ಕಣ್ರೇ" ಎಂದು ಏಳುವವರು. ಸಭೆಯೆಲ್ಲ ಅವರ ಹಿಂದೆ! ನನ್ನ ಉಳಿದರ್ಧ ಭಾಷಣ ಖಾಲಿ ಕುರ್ಚಿಗಳಿಗೆ.

ಆದ್ದರಿಂದ ಯಾರೂ ಏಳಲಾಗದ ವಿಷಯ ಹುಡುಕಿದೆ. ಮುಖ ಬೆಳ್ಳಗಾಗುವುದು! ಸುಮಿತ್ರಮ್ಮ ಹಚ್ಚುವುದು ಬಾಂಬೆಯ ಕಾಂತಾಮಣಿ ಕ್ರೀಮು. ನನ್ನದು ಶಶಿಮುಖಿ ಸ್ನೋ. ಎರಡರಲ್ಲಿ ಯಾವುದು ಮೇಲು? ಪಿಯುಸಿಯಲ್ಲಿ ಸೈನ್ಸ್ ಓದಿದ ನಾನಲ್ಲದೆ ಇನ್ಯಾರು ಹೇಳಬೇಕು! ಕಾಂತಾಮಣಿಯದೂ ಒಂದು ಡಬ್ಬಿ ಕೊಂಡು ತಂದು, ಭೂತಗನ್ನಡಿ ಹಿಡಿದು ಎರಡೂ ಡಬ್ಬಿಗಳ ಮೇಲಿನ ಇರುವೆಸಾಲಿನಂಥ ಅಕ್ಷರ ಓದತೊಡಗಿದೆ.

ಎರಡರಲ್ಲೂ ಮೊದಲು ನೀರು. ಹರಿಹರಪುರದಲ್ಲಿ ಅಷ್ಟು ದೊಡ್ಡ ಹೊಳೆ ಹರಿಯುತ್ತಿರುವಾಗ ಬಾಂಬೆಯಿಂದ ನೀರು ತರಿಸಿ ಮುಖಕ್ಕೆ ಬಳಿಯುತ್ತಿದ್ದೇವಲ್ಲ! ಆಮೇಲೆ ಎರಡರಲ್ಲೂ ಗ್ಲಿಸರಿನ್, ಎರಡರಲ್ಲೂ ಪರಿಮಳ. ಕಾಂತಾಮಣಿಯಲ್ಲಿ ಮಾತ್ರ ಲ್ಯಾನೊಲಿನ್.

"ಅದೆಂತದು?" ಎಂದರು ನಮ್ಮ ಯಜಮಾನರು ತ್ರ್ಯಂಬಕಪ್ಪ.

"ಕುರಿ ಉಣ್ಣೆಯಿಂದ ತೆಗೆದ ಜಿಡ್ಡು ರೀ."

"ಶಿವ ಶಿವಾ! ಹಾಗಾದ್ರೆ ಸುಮಿತ್ರಮ್ಮ ದಿನಾ ಮುಖಕ್ಕೆ ಕಂಬಳಿ ಉಜ್ಜಿಕೊಳ್ತಾರಾ?"

ಓದಿದರೆ ಸಾಲದು, ಪ್ರಯೋಗ ಬೇಕು. ದಿನಾ ಬೆಳಿಗ್ಗೆ ಇವರ ಎಡಗೆನ್ನೆಗೆ ಶಶಿಮುಖಿ, ಬಲಗೆನ್ನೆಗೆ ಕಾಂತಾಮಣಿ ಎಂದು ತೀರ್ಮಾನಿಸಿದೆ.

"ನಿನ್ನ ಮುಖಕ್ಕೇ ಹಚ್ಕೊ ಮಾರಾಯ್ತಿ!"

"ಸಂಶೋಧನೆ ಮಾಡೋರು ತಮ್ಮ ಮೇಲೇ ಪ್ರಯೋಗ ಮಾಡ್ಕೊಳ್ಳಲ್ಲ ರೀ."

"ಹಾಗಾದ್ರೆ ನಾನೆಂತ, ಇಲಿಯಾ?"

"ಇಲಿ ಇಷ್ಟು ವಾದ ಮಾಡಲ್ಲ. ಗಲ್ಲ ಎತ್ತಿ!"

ಪಾಪ, ಎತ್ತಿದರು. ಎರಡು ಕೆನ್ನೆಗೂ ಬಳಿಸಿಕೊಂಡು ಎನ್.ಆರ್. ಪುರದ ಆಫೀಸಿಗೆ ಬಸ್ ಹತ್ತುತ್ತಿದ್ದರು. ತಿಂಗಳು ಕಳೆಯುವಷ್ಟರಲ್ಲಿ ನೋಡುತ್ತೇನೆ, ಎಡಗೆನ್ನೆ ಫಳಫಳ! ಬಲಗೆನ್ನೆ ಸೀದ ಹೋಳಿಗೆ! ಇವರ ಕರ್ಚೀಫು ಕೂಡ ಘಮಘಮ ಎನ್ನುತ್ತಿತ್ತು. ಶಶಿಮುಖಿಯ ಮಹಿಮೆ ಜೇಬಿಗೂ ಇಳಿದಿದೆ ಎಂದು ಅದನ್ನೂ ಭಾಷಣಕ್ಕೆ ಸೇರಿಸಿಕೊಂಡೆ.

ಸಭೆಯ ದಿನ, ಸಂಜೆ ಬಸ್ಸಿಳಿದವರೇ ನೇರ ಮಂಡಳಿಗೆ ಓಡಿ ಬರಬೇಕೆಂದು ಇವರಿಗೆ ಕಟ್ಟಪ್ಪಣೆ ಮಾಡಿದ್ದೆ. ಬಂದರು. ವೇದಿಕೆಯ ಮೇಲೆ ನಿಲ್ಲಿಸಿ, ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ತೋರಿಸಿದೆ. ಹೆಂಗಸರೆಲ್ಲ ಮುಂದಕ್ಕೆ ನುಗ್ಗಿದರು. ಕಾಫಿ ಆರಿತು, ಯಾರೂ ಏಳಲಿಲ್ಲ! ಖುದ್ದು ಸುಮಿತ್ರಮ್ಮನೇ ಕನ್ನಡಕ ಏರಿಸಿಕೊಂಡು ಇವರ ಎಡಗೆನ್ನೆಯ ಹತ್ತಿರ ಬಂದು, "ಹೌದಲ್ಲೇ ಮಂಗಳಾ!" ಎಂದರು. ನನ್ನ ಭಾಷಣ ಕೊನೆಯ ಅಕ್ಷರ ಮುಟ್ಟಿತು. ಚಪ್ಪಾಳೆಯೋ ಚಪ್ಪಾಳೆ! ನನ್ನ ಕಣ್ಣಲ್ಲಿ ನೀರೇ ಬಂತು.

ಆಗ ಬಾಗಿಲಲ್ಲಿ, ಇವರು ದಿನಾ ಓಡಾಡುವ ಬಸ್ಸಿನ ಡ್ರೈವರ್ ಇಸಾಕ್ ಕಾಣಿಸಿಕೊಂಡ.

"ಎಂತ ಸಾರ್, ಓಡೋ ಗಡಿಬಿಡಿಲಿ ಊಟದ ಕ್ಯಾರಿಯರ್ ಬಸ್ಸಲ್ಲೇ ಬಿಟ್ಟು ಬಂದ್ರಲ್ಲ ಮಾರಾಯ್ರೆ!" ಎಂದು ಒಳಗೆ ಬಂದು ಇವರ ಪಕ್ಕದಲ್ಲೇ ನಿಂತ.

ಸಭೆಯ ಕಣ್ಣೆಲ್ಲ ಅವನ ಮುಖದ ಮೇಲೆ! ಇಸಾಕನ ಎಡಗೆನ್ನೆಯೂ ಫಳಫಳ. ಬಲಗೆನ್ನೆಯೂ ಸೀದ ಹೋಳಿಗೆ!

"ಇಸಾಕ್, ನೀನೂ ಎಡಕ್ಕೆ ಶಶಿಮುಖಿ ಹಚ್ತೀಯೇನೋ?" ಸುಮಿತ್ರಮ್ಮ ಕೇಳಿದರು.

"ನಂಗೆಂತ ಸ್ನೋ ಅಕ್ಕಾ! ಬೆಳಿಗ್ಗೆ ಉತ್ತರಕ್ಕೆ ಹೋಗುವಾಗ್ಲೂ ಸಂಜೆ ದಕ್ಷಿಣಕ್ಕೆ ವಾಪಸ್ ಬರುವಾಗ್ಲೂ ಬಿಸಿಲು ನನ್ನ ಬಲಕ್ಕೇ ಬಡಿತದೆ. ಸಾರೂ ಹಾಗೇ, ನನ್ನ ಹಿಂದಿನ ಕಿಟಕಿ ಸೀಟು ಬಿಟ್ಟು ಬೇರೆ ಕಡೆ ಕೂರೋದೇ ಇಲ್ಲ."

"ಅಯ್ಯೋ ಮಂಗಳಾ! ಹಾಗಾದ್ರೆ ಎಡಗೆನ್ನೆ ಬೆಳ್ಳಗಾಗಿದ್ದಲ್ಲ, ಬಲಗೆನ್ನೆ ಕರ್ರಗಾಗಿದ್ದು!" ಎಂದರು ಸುಮಿತ್ರಮ್ಮ.

ಆ ನಗು ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿರಬೇಕು. ನನಗೆ ನೆಲದೊಳಗೆ ಇಳಿಯುವಂತಾಯಿತು. ಆದರೆ ಸುಮಿತ್ರಮ್ಮ ಕಣ್ಣೊರೆಸಿಕೊಂಡು, "ಇಷ್ಟು ಮಜವಾದ ಸಭೆ ನಡೆದೇ ಇರ್ಲಿಲ್ಲ. ಮುಂದಿನ ತಿಂಗಳೂ ಭಾಷಣ ನಿಂದೇ ಕಣೇ!" ಎಂದುಬಿಟ್ಟರು. ಗೆದ್ದೆನಲ್ಲ! ಎದೆಯುಬ್ಬಿಸಿಕೊಂಡೇ ಮನೆಗೆ ನಡೆದೆ.

"ಆದ್ರೂ ರೀ, ಕುರಿಜಿಡ್ಡಿಗಿಂತ ನನ್ನ ಶಶಿಮುಖಿ ಒಂದು ಕೈ ಮೇಲೇ ಅಲ್ವಾ? ನಿಜ ಹೇಳಿ."

"ನಂಗೆ ಹ್ಯಾಗೆ ಗೊತ್ತು ಮಾರಾಯ್ತಿ? ದಿನಾ ಬಸ್ ಹತ್ತೋ ಮೊದ್ಲೇ ಎರಡನ್ನೂ ಒರೆಸಿಬಿಡ್ತಿದ್ದೆ," ಎಂದು ಇವರು ಜೇಬಿನಿಂದ ಕರ್ಚೀಫು ತೆಗೆದು ನನ್ನ ಕೈಗಿಟ್ಟರು. "ಮುಂದಿನ ತಿಂಗಳು ಇದನ್ನ ವೇದಿಕೆ ಮೇಲೆ ನಿಲ್ಲಿಸು!"