ಲಂಬಕೋನದ ನಟರು

ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಹಿರಿಯ ನಟರ ಅಂಗಿಯ ಗುಂಡಿಯೊಂದು ಕಿತ್ತು ಬಿದ್ದು, ಉರುಳಿ, ಮಂಚದ ಕಾಲಿನ ಬಳಿ ನಿಂತಿತು. ಅವರು ಬಗ್ಗಿ ಅದನ್ನು ಹೆಕ್ಕಿದರು. ಗುಂಡಿ ಕೈಗೆ ಬಂತು. ಸೊಂಟ ಮಾತ್ರ ಮೇಲಕ್ಕೆ ಬರಲಿಲ್ಲ. ಕಾಲುಗಳು ನೆಲಕ್ಕೆ ಲಂಬವಾಗಿ, ಬೆನ್ನು ನೆಲಕ್ಕೆ ಸಮಾನಾಂತರವಾಗಿ, ದೇಹ ಕರಾರುವಾಕ್ಕಾಗಿ ತೊಂಬತ್ತು ಡಿಗ್ರಿಯಲ್ಲಿ ನಿಂತುಬಿಟ್ಟಿತು.

ಬೇರೆ ದಿನವಾಗಿದ್ದರೆ ಅವರು ಹಾಗೆಯೇ ನಿಂತು ನೆಲದ ಧೂಳನ್ನು ಪರಿಶೀಲಿಸುತ್ತಿದ್ದರೇನೋ. ಆದರೆ ಅಂದು ಹನ್ನೊಂದು ಗಂಟೆಗೆ ಚಿತ್ರೀಕರಣವಿತ್ತು. ನಲವತ್ತಾರು ವರ್ಷ ರಂಗದ ಮೇಲೂ ಪರದೆಯ ಮೇಲೂ ದುಡಿದ ಅವರನ್ನು ಕಳೆದ ಒಂಬತ್ತು ವರ್ಷಗಳಿಂದ ಯಾರೂ ಕರೆದಿರಲಿಲ್ಲ. ಈಗ ಸಿಕ್ಕಿದ್ದು ನ್ಯಾಯಾಧೀಶನ ಪಾತ್ರ. ಎದ್ದು ನಿಂತು, ಸ್ವಂತ ಮಗನಿಗೇ ನಾಲ್ಕು ವಾಕ್ಯಗಳಲ್ಲಿ ಶಿಕ್ಷೆ ವಿಧಿಸಬೇಕು. ಯುವ ನಿರ್ದೇಶಕ ಅವರನ್ನು ಆರಿಸಿದ್ದು ಒಂದೇ ಕಾರಣಕ್ಕೆ. "ಈ ವಯಸ್ಸಲ್ಲೂ ಕಂಬದ ಹಾಗೆ ನೆಟ್ಟಗೆ ನಿಲ್ತೀರಲ್ಲ ಸಾರ್, ನನಗೆ ಬೇಕಾಗಿರೋದು ಅದೇ" ಎಂದಿದ್ದ.

"ಲೇ, ಬಾರೇ ಇಲ್ಲಿ! ಸೊಂಟ ಹಿಡ್ಕೊಂಡ್ಬಿಟ್ಟಿದೆ!"

ಕೂಗು ಮೂರನೆಯ ಮಹಡಿಯಿಂದ ರಸ್ತೆಯವರೆಗೂ ಕೇಳಿಸಿತು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕಟ್ಟಕಡೆಯ ಸಾಲನ್ನೂ ತಲುಪಿದ ಗಂಟಲು ಅದು.

ಹೆಂಡತಿ ಅಡುಗೆಮನೆಯಿಂದ ಇಣುಕಿದರು. "ಚೆನ್ನಾಗಿದೆ. ಕೂಗು ಮಾತ್ರ ಸ್ವಲ್ಪ ಜಾಸ್ತಿಯಾಯ್ತು."

"ನಾಟಕ ಅಲ್ಲ ಕಣೇ, ನಿಜವಾದ ನೋವು!"

"ಹೋದ ಸಲ ಎದೆನೋವು ಬಂದಾಗಲೂ ಹೀಗೇ ಅಂದ್ರಿ. ನಾನು ಅಳ್ತಾ ಆಂಬುಲೆನ್ಸ್ ಕರೆಸಿದೆ. ನೀವು ಎದ್ದು ಕೂತು, 'ಎರಡನೇ ಅಂಕದ್ದು, ಹೇಗಿತ್ತು?' ಅಂತ ಡ್ರೈವರನ್ನ ಕೇಳಿದ್ರಿ. ಇನ್ನೊಂದು ಸಲ ನಾನು ಬೇಸ್ತು ಬೀಳಲ್ಲ ರೀ."

ಆಕೆಯದೂ ತಪ್ಪಲ್ಲ. ನಟರು ಪರದೆಯ ಮೇಲೆ ಅರುವತ್ತೊಂದು ಸಲ ಸತ್ತಿದ್ದರು; ಪ್ರತಿಯೊಂದು ಸಾವಿನ ತಾಲೀಮೂ ಈ ಮನೆಯಲ್ಲೇ ನಡೆದಿತ್ತು.

ಕೂಗು ಕೇಳಿ ಎದುರುಮನೆಯ ನಿವೃತ್ತ ಮೇಷ್ಟ್ರು ಬಂದರು. ಮೂವತ್ತೈದು ವರ್ಷ ಕರಿಹಲಗೆಯ ಮುಂದೆ ನಿಂತು ಅವರ ಬೆನ್ನು ಅಡಿಕೋಲಾಗಿತ್ತು. ನಟರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಕೋನ ಸರಿಯಾಗಿದೆ. ಮುಖದಲ್ಲಿ ನೋವು ಸಾಲದು" ಎಂದು ಅಂಕ ಕೊಟ್ಟರು.

"ನಿಮ್ಮ ಕಾಲು ಹಿಡಿತೀನಿ ಮೇಷ್ಟ್ರೇ, ಡಾಕ್ಟ್ರ ಹತ್ರ ಕರ್ಕೊಂಡ್ಹೋಗಿ!"

ಕಾಲು ಕೈಗೆ ಎಟುಕುವಷ್ಟೇ ದೂರದಲ್ಲಿತ್ತು, ಹಿಡಿದೇಬಿಟ್ಟರು.

ಡಾಕ್ಟರು ಅವರನ್ನು ಕಂಡೊಡನೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ನಮ್ಮಮ್ಮ ನಿಮ್ಮ ಅಭಿಮಾನಿ ಸಾರ್! ಹಾಗೇ ಇರಿ, ಅಲ್ಲಾಡಬೇಡಿ. ಸಿಸ್ಟರ್, ಬನ್ನಿ ಇಲ್ಲಿ. ಸೊಂಟ ಹಿಡಿದವರು ಅಂದ್ರೆ ಹೀಗಿರ್ತಾರೆ. ನಿಜವಾದ ರೋಗಿಗಳಿಗೂ ಇಷ್ಟು ಚೆನ್ನಾಗಿ ಬರಲ್ಲ."

"ಸ್ವಾಮಿ, ಒಂದು ಇಂಜೆಕ್ಷನ್ ಚುಚ್ಚಿ!"

"ಪಾತ್ರದೊಳಗೆ ಎಷ್ಟು ಇಳಿದಿದಾರೆ ನೋಡಿ" ಎಂದು ಡಾಕ್ಟರು ಕಣ್ಣೊರೆಸಿಕೊಂಡು, ತಾವೂ ತೊಂಬತ್ತು ಡಿಗ್ರಿ ಬಗ್ಗಿ, ಪಕ್ಕದಲ್ಲಿ ಫೋಟೊ ತೆಗೆಸಿಕೊಂಡು ಕಳುಹಿಸಿಕೊಟ್ಟರು.

ಹತ್ತು ಐವತ್ತಕ್ಕೆ ಮೇಷ್ಟ್ರು ಅವರನ್ನು ಮಡಚುವ ಮೇಜಿನಂತೆ ಆಟೋದಿಂದ ಇಳಿಸಿ ಸ್ಟುಡಿಯೊದೊಳಗೆ ತಂದು ನಿಲ್ಲಿಸಿದರು. ಪಾತ್ರ ಕೈತಪ್ಪಿತೆಂದೇ ನಟರು ತಿಳಿದಿದ್ದರು. ಆದರೆ ನಿರ್ದೇಶಕ ಅವರನ್ನು ಕಂಡು ಕುರ್ಚಿಯಿಂದ ಜಿಗಿದ.

"ಸಾರ್! ಇದು ಕಣ್ರೀ ನಟನೆ! ನ್ಯಾಯಾಧೀಶ ಬೇಡ ನಿಮಗೆ. ಸಾಕ್ಷಿ ಹೇಳೋಕೆ ಬರೋ ಬೆನ್ನು ಬಾಗಿದ ಮುದುಕ ನೀವು. ಇಡೀ ಸಿನಿಮಾ ನಿಮ್ಮ ಮೇಲೇ ನಿಲ್ಲುತ್ತೆ!"

"ಮತ್ತೆ ನ್ಯಾಯಾಧೀಶ ಯಾರಪ್ಪಾ?"

ನಿರ್ದೇಶಕ ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ಅಳೆದ. "ಇವರು! ಎಂಥಾ ಬೆನ್ನು!"

ಮೇಷ್ಟ್ರಿಗೆ ಕರಿಕೋಟು ತೊಡಿಸಿ, ಅವರು ಎದ್ದು ನಿಲ್ಲುವ ದೃಶ್ಯವನ್ನು ಆಗಲೇ ಚಿತ್ರೀಕರಿಸಿದರು. ಅದು ಒಂದೇ ಟೇಕಿಗೆ ಮುಗಿದ ಖುಷಿಗೆ ನಿರ್ದೇಶಕ ನಟರ ಬೆನ್ನಿಗೊಂದು ಹೊಡೆದ. ಲಟಕ್ಕೆಂಬ ಶಬ್ದವಾಯಿತು. ನಟರು ನೂರೆಂಬತ್ತು ಡಿಗ್ರಿಗೆ ನೆಟ್ಟಗಾದರು.

"ಪರವಾಗಿಲ್ಲ, ಮತ್ತೆ ಬಗ್ಗಿ ಸಾರ್" ಎಂದ ನಿರ್ದೇಶಕ.

ನಟರು ಬಗ್ಗಿದರು. ನಲವತ್ತಾರು ವರ್ಷಗಳ ಕಲೆಯನ್ನೆಲ್ಲ ಸೊಂಟಕ್ಕೆ ತಂದುಕೊಂಡು ನರಳಿದರು. ನಿರ್ದೇಶಕನ ಮುಖ ಬಾಡಿತು.

"ಯಾಕೋ ಸುಳ್ಳು ಅನ್ಸುತ್ತೆ ಸಾರ್. ಆಗ ಮಾಡಿದ್ರಲ್ಲ, ಅದನ್ನ ಮಾಡಿ."

"ಆಗಿನದು ನಟನೆ ಅಲ್ಲಪ್ಪ. ನಿಜ."

"ಅದೇ ಸಾರ್, ಥೇಟ್ ನಿಜದ ಹಾಗಿತ್ತು!"

ಏಳು ಸಲ ಬಗ್ಗಿದರೂ ಸುಳ್ಳು ಸುಳ್ಳಾಗಿಯೇ ಉಳಿಯಿತು. ಮುದುಕನ ಪಾತ್ರವನ್ನು ಕೈಬಿಡಲಾಯಿತು.

"ಹಾಗಾದ್ರೆ ನನ್ನ ನ್ಯಾಯಾಧೀಶನನ್ನಾದ್ರೂ ವಾಪಸ್ ಕೊಡಪ್ಪ."

"ಹೇಗೆ ಸಾರ್? ಎದ್ದು ನಿಂತವರು ಮೇಷ್ಟ್ರು; ತೀರ್ಪು ಓದೋವಾಗ ಮುಖ ಬದಲಾದ್ರೆ ಜನ ಏನಂತಾರೆ? ಆದ್ರೆ ಒಂದು ಉಪಕಾರ ಮಾಡಿ. ಮೇಷ್ಟ್ರಿಗೆ ಮಾತು ನೆನಪಲ್ಲಿ ನಿಲ್ತಿಲ್ಲ. ನೀವು ಮೇಜಿನ ಕೆಳಗೆ ಕೂತು ಮೆಲ್ಲಗೆ ಹೇಳಿಕೊಡಿ. ಮೇಷ್ಟ್ರೇ, ಕೆಳಗಿಂದ ಏನು ಕೇಳ್ಸುತ್ತೋ ಅದನ್ನ ಹಾಗೇ ಹೇಳಿ. ಒಂದಕ್ಷರ ಬಿಡಬೇಡಿ."

ಮೇಜಿನ ಎತ್ತರ ಎರಡೂವರೆ ಅಡಿ, ನಟರ ಎತ್ತರ ಐದು ಅಡಿ ಹತ್ತು ಅಂಗುಲ. ಹೇಗೋ ಹೊಂದಿಸಿಕೊಂಡರು. ಕ್ಯಾಮೆರಾ ಓಡಿತು. ಎರಡು ವಾಕ್ಯಗಳು ಸರಾಗವಾಗಿ ಕೆಳಗಿನಿಂದ ಮೇಲಕ್ಕೆ ಹೋದವು. ಮೂರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಸೊಂಟ ಮತ್ತೆ ಹಿಡಿದುಕೊಂಡಿತು. ನೋವಿಗೆ ಗಂಟಲೇ ಕಟ್ಟಿ, ಜೀವಮಾನದಲ್ಲಿ ಮೊದಲ ಬಾರಿಗೆ ಅವರ ಧ್ವನಿ ಒಂದು ಮೊಳದಾಚೆಗೂ ಹೋಗಲಿಲ್ಲ.

"ಅಯ್ಯೋ... ನನ್ನ ಕೈಲಾಗಲ್ಲ... ಯಾರಾದ್ರೂ ಕಾಪಾಡಿ..."

"ಅಯ್ಯೋ!" ಎಂದರು ಮೇಷ್ಟ್ರು, ಆರೋಪಿಯ ಕಟಕಟೆಯಲ್ಲಿದ್ದ ಮಗನನ್ನೇ ನೋಡುತ್ತ. "ನನ್ನ ಕೈಲಾಗಲ್ಲ! ಯಾರಾದ್ರೂ ಕಾಪಾಡಿ!"

ಸ್ಟುಡಿಯೊ ತುಂಬ ಚಪ್ಪಾಳೆಯೋ ಚಪ್ಪಾಳೆ. ನಿರ್ದೇಶಕ ಅಳುತ್ತ ಬಂದು ಮೇಷ್ಟ್ರನ್ನು ತಬ್ಬಿಕೊಂಡ. "ಎಂಥಾ ನೋವು ಮೇಷ್ಟ್ರೇ! ಮುಂದಿನ ಮೂರು ಸಿನಿಮಾಕ್ಕೂ ನೀವೇ!"

"ಸೊಂಟ... ಸೊಂಟ ಹಿಡ್ಕೊಂಡಿದೆ..." ಎಂದಿತು ಮೇಜಿನ ಕೆಳಗಿನ ಧ್ವನಿ.

ಮೇಷ್ಟ್ರು ಬಗ್ಗದೆಯೇ ಮೇಜನ್ನು ಎರಡು ಸಲ ಮೆಲ್ಲಗೆ ತಟ್ಟಿದರು.

"ಸಾಕು ಸಾರ್, ದೃಶ್ಯ ಮುಗೀತು. ಇನ್ನು ಹೇಳಿಕೊಡಬೇಡಿ."