ಆರೂವರೆ ಅಡಿಯ ಮೇಸ್ತ್ರಿ

ಮರಗೆಲಸದ ಗೇಣು ಮೇಸ್ತ್ರಿ ಟೇಪು ಮುಟ್ಟಿದವನಲ್ಲ. ಮೂವತ್ತು ವರ್ಷಗಳಿಂದ ಬಾಗಿಲು, ಬೀರು ಎಲ್ಲಕ್ಕೂ ಅವನ ಮೈಯೇ ಅಳತೆಗೋಲು. ಐದಡಿ ಎರಡಿಂಚಿನ ಆ ಮೈಯನ್ನು ಅವನು ಒಂದು ದಿನವೂ ಅನುಮಾನಿಸಿರಲಿಲ್ಲ.

ಆ ಬೆಳಿಗ್ಗೆ ಅವನು ತನ್ನ ಕೈಕೆಳಗೆ ಕೆಲಸ ಮಾಡುವ ಭಾಮೈದನ ಜೊತೆ ಪ್ರಯೋಗಾಲಯಕ್ಕೆ ಹೋದದ್ದು ಇಪ್ಪತ್ತು ಬೀರುಗಳ ಕೆಲಸ ಕೇಳಲು. ಅಲ್ಲಿನ ಮೇಡಂ, ಬೀರಿನ ವಿಷಯ ಸಂಜೆ ಮಾತಾಡೋಣ, ಈಗ ಈ ಕನ್ನಡಕ ಹಾಕಿಕೊಂಡು ಸ್ವಲ್ಪ ನಡೆಯಿರಿ, ನಮಗೂ ಜನ ಬೇಕು ಎಂದರು. ಬೇಡವೆಂದರೆ ಕೆಲಸ ತಪ್ಪೀತೆಂದು ಒಪ್ಪಿಕೊಂಡ.

ಕನ್ನಡಕದೊಳಗೆ ಕೋಣೆ, ಮೇಜು, ಮೇಡಂ ಎಲ್ಲ ಇದ್ದ ಹಾಗೇ ಇದ್ದವು. ಬಗ್ಗಿ ನೋಡಿದರೆ ಅವನೇ ಇರಲಿಲ್ಲ. ಅವನ ಜಾಗದಲ್ಲಿ ಕನ್ನಡಕ ಸೃಷ್ಟಿಸಿದ ಆರೂವರೆ ಅಡಿಯ ಅವತಾರವೊಂದು ನಿಂತಿತ್ತು; ನೆಲ ಬಾವಿಯ ತಳದಷ್ಟು ದೂರ. ಕೈ ಎತ್ತಿದರೆ ಆ ಉದ್ದನೆಯ ಕೈ ಎದ್ದಿತು. ಮೊದಲ ಹತ್ತು ಹೆಜ್ಜೆ ಬೇರೆಯವರ ಚಪ್ಪಲಿ ಮೆಟ್ಟಿದವನಂತೆ ನಡೆದ. ಹನ್ನೊಂದನೆಯದಕ್ಕೆ ಕಾಲು ತನ್ನದಾಯಿತು.

ಅರ್ಧ ಗಂಟೆಯ ಮೇಲೆ ಕನ್ನಡಕ ತೆಗೆದು ಹೊರಡುವಾಗ ಬಾಗಿಲಲ್ಲಿ ತಲೆ ಬಗ್ಗಿಸಿದ. ತಲೆಯ ಮೇಲೆ ಒಂದೂವರೆ ಅಡಿ ಖಾಲಿ ಇತ್ತು. ಮೇಡಂ ನಗುತ್ತ ಏನೋ ಬರೆದುಕೊಂಡರು. ಕೆಲಸ ಸಿಕ್ಕ ಹಾಗೇ ಅಂದುಕೊಂಡ. ಭಾಮೈದನೂ ಅದೇ ಕನ್ನಡಕ ಹಾಕಿಕೊಂಡು ನಡೆದು, ತನಗೇನೂ ಅನ್ನಿಸಲಿಲ್ಲ ಎಂದ. ಇವನಿಗೆ ಯಾವ ವಿದ್ಯೆಯೂ ಹತ್ತುವುದಿಲ್ಲವೆಂದು ಮೇಸ್ತ್ರಿಗೆ ನಾಚಿಕೆಯಾಯಿತು.

ಊಟಕ್ಕೆ ಮನೆಗೆ ಬಂದಾಗಲೂ ಹೊಸ್ತಿಲಲ್ಲಿ ಬಗ್ಗಿದ.

"ಯಾರಿಗ್ರೀ ಈ ನಮಸ್ಕಾರ?" ಎಂದಳು ಹೆಂಡತಿ.

ಮಧ್ಯಾಹ್ನ ಪಕ್ಕದ ಮನೆ ಟೀಚರಮ್ಮನ ಅಡುಗೆಮನೆಗೆ ಕಣ್ಣಿನ ಮಟ್ಟಕ್ಕೆ ಹಲಗೆ ಹೊಡೆಯಬೇಕಿತ್ತು. ಕಣ್ಣಿನ ಮಟ್ಟ ಅಂದುಕೊಂಡ ಜಾಗದಲ್ಲಿ ಸುತ್ತಿಗೆ ಬೀಸಲು ಯಾಕೋ ಕೈ ಸಾಲಲಿಲ್ಲ. ನೆಲ ಕುಸಿದಿರಬೇಕು ಎಂದುಕೊಂಡು ತನ್ನ ಸ್ಟೂಲು ತಂದು, ಹತ್ತಿ, ಭದ್ರವಾಗಿ ಮೊಳೆ ಹೊಡೆದ.

ಟೀಚರಮ್ಮ ಕತ್ತೆತ್ತಿ ನೋಡಿದರು. "ಸಕ್ಕರೆ ಡಬ್ಬಿ ಇಳಿಸೋಕೆ ದಿನಾ ನಿಮ್ಮನ್ನೇ ಕರೀಬೇಕಾ, ಮೇಸ್ತ್ರಿ?"

ಮೇಸ್ತ್ರಿಗೆ ಆಗ ನೆಲ ಕಾಣಿಸಿತು; ಅದು ಇದ್ದಲ್ಲೇ ಇತ್ತು. "ಸ್ಟೂಲು ಇಲ್ಲೇ ಬಿಟ್ಟಿರ್ತೀನಮ್ಮ" ಎಂದು ಜಾರಿಕೊಂಡ.

ಸಂಜೆ ಪ್ರಯೋಗಾಲಯದಲ್ಲಿ ಮೇಡಂ ಕುರ್ಚಿ ಕೊಟ್ಟು ಕೂರಿಸಿದರು. "ನಿಮ್ಮಷ್ಟು ಬೇಗ ಯಾರೂ ಎತ್ತರ ಆಗಿಲ್ಲ, ಮೇಸ್ತ್ರಿ. ಕಣ್ಣು ತೋರಿಸಿದ್ದನ್ನೆಲ್ಲ ನಿಮ್ಮ ಮೈ ನಂಬಿಬಿಡುತ್ತೆ."

ಮೇಸ್ತ್ರಿಯ ಎದೆ ಉಬ್ಬಿತು.

"ನೀವು ಅಳೆಯೋದೂ ಅದೇ ಮೈಯಿಂದ ಅಲ್ವಾ? ಅದಕ್ಕೇ ಬೀರಿನ ಕೆಲಸ ನಿಮ್ಮ ಭಾಮೈದನಿಗೆ ಕೊಟ್ಟೆ."

ಪಕ್ಕದಲ್ಲೇ ಇದ್ದ ಭಾಮೈದ, ಭಾವನ ಹೆದರಿಕೆಗೆ ವರ್ಷಗಳಿಂದ ಬಚ್ಚಿಟ್ಟುಕೊಂಡಿದ್ದ ಟೇಪನ್ನು ಜೇಬಿನಿಂದ ತೆಗೆದ. "ಬೇಜಾರು ಮಾಡ್ಕೋಬೇಡಿ ಭಾವ. ಈ ತುದಿ ಸ್ವಲ್ಪ ಮೇಲೆ ಹಿಡ್ಕೊಳ್ಳಿ."

ಮೇಸ್ತ್ರಿ ಹಿಡಿದ. ಬೀರಿನ ಎತ್ತರಕ್ಕೆಂದು ಗೋಡೆಯ ಮೇಲೆ ಹಾಕಿದ್ದ ಗುರುತು ಅವನ ಕೈಗಿಂತ ಒಂದು ಗೇಣು ಮೇಲಿತ್ತು. ಸ್ಟೂಲು ಟೀಚರಮ್ಮನ ಮನೆಯಲ್ಲಿತ್ತು.